ಮದುವೆಗೂ ಅಪ್ಪಣೆ ಬೇಕಾದ ನಾಡು



ಗೆಲಿಲಿ ಸೀಮೆಯ ಒಂದು ಅರಬ್ ಹಳ್ಳಿ. ಊರ ಮುಖ್ಯಸ್ಥನ ಮಗನಿಗೆ ಮದುವೆ ಗೊತ್ತಾಗಿದೆ. ಆದರೆ ಊರಿನಲ್ಲಿ ಕರ್ಫ್ಯೂ ಜಾರಿಯಲ್ಲಿದೆ. ಕತ್ತಲಾದ ಮೇಲೆ ಯಾರೂ ಮನೆಯಿಂದ ಹೊರಗೆ ಬರುವಂತಿಲ್ಲ. ಅಲ್ಲಿಯ ಮದುವೆಯಾದರೋ ಹಗಲು ಶುರುವಾಗಿ ರಾತ್ರಿಯೆಲ್ಲ ಹಾಡು, ಕುಣಿತ, ಊಟೋಪಚಾರಗಳಲ್ಲಿ ಬೆಳೆಯುವಂಥದು. ಮುಖ್ಯಸ್ಥ ಇಸ್ರೇಲಿ ಸೇನಾಧಿಕಾರಿಯ ಕಚೇರಿಗೆ ಹೋಗಿ, ಮಗನ ಮದುವೆಯ ಮಟ್ಟಿಗಾದರೂ ಕರ್ಫ್ಯೂ ಸಡಿಲಿಸಿ ಎಂದು ಕೇಳಿಕೊಳ್ಳುತ್ತಾನೆ. ಅಧಿಕಾರಿ ಕೊನೆಗೆ ಒಪ್ಪುತ್ತಾನೆ. ಷರತ್ತು ಒಂದೇ: ತಾನೂ ತನ್ನ ಜೊತೆಯ ಅಧಿಕಾರಿಗಳೂ ಆ ಮದುವೆಯಲ್ಲಿ ಗೌರವದ ಅತಿಥಿಗಳಾಗಿ ಕೂರಬೇಕು.

ಇದು 1987ರಲ್ಲಿ ಬಂದ 'ವೆಡ್ಡಿಂಗ್ ಇನ್ ಗೆಲಿಲೀ' ಚಿತ್ರದ ಕಥೆ. ನಿರ್ದೇಶಕರು ಮಿಶೆಲ್ ಖ್ಲೈಫಿ. ನಜರೇತ್ ಪಟ್ಟಣದಲ್ಲಿ ಹುಟ್ಟಿ, ಬೆಲ್ಜಿಯಮ್ಮಿಗೆ ಹೋಗಿ ಓದಿದವರು. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಬಂತು. ಮುಖ್ಯಸ್ಥ ಷರತ್ತಿಗೆ ಒಪ್ಪಿದ ಗಳಿಗೆಯಿಂದ ಅವನ ಮನೆ ಒಡೆಯಲು ತೊಡಗುತ್ತದೆ. ಒಡಹುಟ್ಟಿದವನೇ ಮದುವೆಗೆ ಬರುವುದಿಲ್ಲ ಎನ್ನುತ್ತಾನೆ. ಊರಿನ ಹುಡುಗರು ಅತಿಥಿಗಳ ಮೇಲೆ ದಾಳಿ ಮಾಡುವ ಸಂಚು ಹೂಡುತ್ತಾರೆ. ತಂದೆಯ ಒಪ್ಪಂದದ ಅವಮಾನ ಮದುಮಗನ ಮೈಯೊಳಗೆ ಇಳಿದು, ಪ್ರಸ್ತದ ಕೋಣೆಯಲ್ಲಿ ಅವನು ಕಲ್ಲಾಗಿ ನಿಲ್ಲುತ್ತಾನೆ. ಸೆಕೆಗೆ ತಲೆಸುತ್ತಿ ಬಿದ್ದ ಸೈನಿಕ ಯುವತಿಯನ್ನು ಊರ ಹೆಂಗಸರು ಒಳಮನೆಗೆ ಕರೆದೊಯ್ದು ಆರೈಕೆ ಮಾಡಿ, ಸಮವಸ್ತ್ರ ಕಳಚಿ ತಮ್ಮ ಉಡುಪು ತೊಡಿಸುತ್ತಾರೆ. ಮನೆಯ ಕುದುರೆ ತಪ್ಪಿಸಿಕೊಂಡು ನೆಲಬಾಂಬು ಹೂಳಿದ ಹೊಲಕ್ಕೆ ನುಗ್ಗಿದಾಗ, ಅದನ್ನು ಹೊರಗೆ ತರಲು ಸೈನಿಕರೂ ಹಳ್ಳಿಗರೂ ಒಟ್ಟಿಗೆ ನಿಲ್ಲಬೇಕಾಗುತ್ತದೆ.

ಪ್ಯಾಲೆಸ್ಟೀನಿನ ಸುದ್ದಿ ನಮಗೆ ಹೊಸದಲ್ಲ. ಇಷ್ಟು ಜನ ಸತ್ತರು, ಇಷ್ಟು ಮನೆ ಬಿದ್ದವು, ಮಾತುಕತೆ ಮುರಿಯಿತು ಎಂದು ದಶಕಗಳಿಂದ ಓದುತ್ತಲೇ ಇದ್ದೇವೆ. ಆದರೆ ಏನೂ ಸ್ಫೋಟಗೊಳ್ಳದ ದಿನ ಅಲ್ಲಿಯ ಜನ ಹೇಗೆ ಬದುಕುತ್ತಾರೆ ಎಂಬುದು ಸುದ್ದಿಯಲ್ಲಿ ಸಿಗುವುದಿಲ್ಲ. ಅದು ಸಿಗುವುದು ಅವರ ಸಿನಿಮಾಗಳಲ್ಲಿ. ಮದುವೆ ಮಾಡಲು, ಮನೆ ಕಟ್ಟಲು, ಹಸು ಸಾಕಲು, ಆಸ್ಪತ್ರೆಗೆ ಹೋಗಲು ಇನ್ನೊಬ್ಬರ ಅಪ್ಪಣೆ ಬೇಕಾಗುವ ಬದುಕು ಎಂಥದೆಂದು ಆ ಸಿನಿಮಾಗಳು ತೋರಿಸುತ್ತವೆ. ಇಂದಿನ ನನ್ನ ಮಾತು ಅವುಗಳ ಬಗ್ಗೆ.

ಮೊದಲು ಹಿನ್ನೆಲೆ, ಚುಟುಕಾಗಿ. 1948ರಲ್ಲಿ ಇಸ್ರೇಲ್ ಹುಟ್ಟಿದಾಗ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡು ನಿರಾಶ್ರಿತರಾದರು. ಗೆಲಿಲಿಯಂಥ ಕಡೆ ಉಳಿದವರು ಇಸ್ರೇಲಿನ ಪ್ರಜೆಗಳೇ ಆದರೂ 1966ರವರೆಗೆ ಸೇನಾ ಆಡಳಿತದ ಕೆಳಗಿದ್ದರು. 1967ರ ಜೂನ್ ಯುದ್ಧದಲ್ಲಿ ಪಶ್ಚಿಮ ದಂಡೆ, ಪೂರ್ವ ಜೆರುಸಲೇಂ ಮತ್ತು ಗಾಜಾ ಇಸ್ರೇಲಿನ ವಶವಾದವು. ಇಸ್ರೇಲ್ ಮತ್ತು ಪ್ಯಾಲೆಸ್ಟೀನಿ ನಾಯಕರ ನಡುವಿನ 1995ರ ಎರಡನೇ ಓಸ್ಲೋ ಒಪ್ಪಂದ ಪಶ್ಚಿಮ ದಂಡೆಯನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿತು. ಸುಮಾರು ಶೇ. 60ರಷ್ಟು ನೆಲ ಸಿ ವಲಯದ್ದು. ಅಲ್ಲಿ ಪೂರ್ತಿ ಹಿಡಿತ ಇಸ್ರೇಲ್ ಸೇನೆಯದು. 2002ರಿಂದ ಬೇರ್ಪಡಿಕೆಯ ಗೋಡೆ ಏಳತೊಡಗಿತು. ಆತ್ಮಹತ್ಯಾ ದಾಳಿಕೋರರನ್ನು ತಡೆಯಲು ಅದು ಅಗತ್ಯ ಎಂದು ಇಸ್ರೇಲ್ ಹೇಳಿತು. ಆಕ್ರಮಿತ ನೆಲದ ಮೇಲೆ ಅದನ್ನು ಕಟ್ಟುವುದು ಕಾನೂನುಬಾಹಿರ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2004ರ ಜುಲೈಯಲ್ಲಿ ಅಭಿಪ್ರಾಯ ಕೊಟ್ಟಿತು. 2024ರ ಜುಲೈಯಲ್ಲಿ ಅದೇ ನ್ಯಾಯಾಲಯ, ಆಕ್ರಮಿತ ಪ್ರದೇಶಗಳಲ್ಲಿ ಇಸ್ರೇಲ್ ಮುಂದುವರಿದಿರುವುದೇ ಕಾನೂನುಬಾಹಿರ ಎಂದಿತು.

1948ರ ನಂತರದ ಪ್ಯಾಲೆಸ್ಟೀನಿಯರ ಸಿನಿಮಾ ಶುರುವಾದದ್ದು ದೇಶದ ಹೊರಗೆ. 1968ರಲ್ಲಿ ಜೋರ್ಡಾನಿನಲ್ಲಿ ಮುಸ್ತಫಾ ಅಬು ಅಲಿ, ಹಾನಿ ಜೌಹರಿಯೆ, ಸುಲಾಫಾ ಜಾದಲ್ಲಾ ಎಂಬ ಮೂವರು ಸೇರಿ ಪ್ಯಾಲೆಸ್ಟೀನ್ ಚಿತ್ರ ಘಟಕವನ್ನು ಕಟ್ಟಿದರು. ಮುಂದೆ ಅದು ಲೆಬನಾನಿಗೆ ಹೋಯಿತು. 1974ರಲ್ಲಿ ಅಬು ಅಲಿ ಮಾಡಿದ ಸಾಕ್ಷ್ಯಚಿತ್ರದ ಹೆಸರು 'ದೇ ಡು ನಾಟ್ ಎಕ್ಸಿಸ್ಟ್', ಅಂದರೆ 'ಅವರು ಇಲ್ಲ'. ಪ್ಯಾಲೆಸ್ಟೀನಿಯರು ಎಂಬ ಜನವೇ ಇರಲಿಲ್ಲ ಎಂಬ ಮಾತು ಅಂದು ಇಸ್ರೇಲಿನ ಪ್ರಧಾನಿಯಾಗಿದ್ದವರಿಂದಲೇ ಬಂದಿತ್ತು. ನಿರಾಶ್ರಿತರ ಶಿಬಿರದ ದಿನಚರಿ ತೋರಿಸಿ ಚಿತ್ರ ಅದಕ್ಕೆ ಉತ್ತರ ಕೊಟ್ಟಿತು. ಹಾನಿ ಜೌಹರಿಯೆ 1976ರಲ್ಲಿ ಲೆಬನಾನಿನಲ್ಲಿ ಚಿತ್ರೀಕರಣ ಮಾಡುತ್ತಿದ್ದಾಗಲೇ ಕೊಲ್ಲಲ್ಪಟ್ಟರು. 1982ರಲ್ಲಿ ಇಸ್ರೇಲ್ ಬೈರೂತಿಗೆ ನುಗ್ಗಿದ ಕಾಲದಲ್ಲಿ ಈ ಬಳಗದ ಚಿತ್ರಸಂಗ್ರಹ ಕಾಣೆಯಾಯಿತು. ಒಂದು ಜನಸಮುದಾಯ ತನ್ನ ಬಗ್ಗೆ ತಾನೇ ತೆಗೆದುಕೊಂಡ ಆರಂಭದ ಚಿತ್ರಗಳು ಹಾಗೆ ಕೈತಪ್ಪಿದವು. ಆ ಸಂಗ್ರಹವನ್ನು ಹುಡುಕಿಕೊಂಡು ಹೋದ ಕಥೆಯನ್ನೇ ಅಝ್ಝಾ ಅಲ್-ಹಸನ್ ಎಂಬ ನಿರ್ದೇಶಕಿ 2004ರಲ್ಲಿ 'ಕಿಂಗ್ಸ್ ಅಂಡ್ ಎಕ್ಸ್‌ಟ್ರಾಸ್' ಚಿತ್ರವಾಗಿ ಮಾಡಿದರು.

ಆ ಮೊದಲ ತಲೆಮಾರಿನ ಚಿತ್ರಗಳಲ್ಲಿ ಬಂದೂಕು ಹಿಡಿದ ಹೋರಾಟಗಾರ ಮುಂದೆ ನಿಂತಿದ್ದ. ಖ್ಲೈಫಿ ಕ್ಯಾಮೆರಾವನ್ನು ಮನೆಯೊಳಕ್ಕೆ ತಂದರು. ಅವರ 1980ರ 'ಫರ್ಟೈಲ್ ಮೆಮೊರಿ' ಇಬ್ಬರು ಹೆಂಗಸರ ಬದುಕಿನ ಚಿತ್ರ. ಒಬ್ಬರು ಖ್ಲೈಫಿಯವರ ಸಂಬಂಧಿಕರೇ ಆದ ವಿಧವೆ. ಕಳೆದುಕೊಂಡ ಹೊಲದ ಹಕ್ಕನ್ನು ಹಣಕ್ಕೆ ಬಿಟ್ಟುಕೊಡಲು ಒಪ್ಪದವರು. ಇನ್ನೊಬ್ಬರು ನಾಬ್ಲುಸ್ ಊರಿನ ಕಾದಂಬರಿಗಾರ್ತಿ ಸಹರ್ ಖಲೀಫೆ. ಮದುವೆ ಮುರಿದುಕೊಂಡು, ಓದಿ, ಬರೆದು ತಮ್ಮ ಕಾಲ ಮೇಲೆ ನಿಂತವರು. ಹಿಟ್ಟು ನಾದುವುದು, ಪಾತ್ರೆ ತೊಳೆಯುವುದು, ಗಂಡಸರ ಯಜಮಾನಿಕೆಯ ಬಗ್ಗೆ ಮನಬಿಚ್ಚಿ ಆಡುವ ಮಾತು, ಇವೆಲ್ಲ ಅಲ್ಲಿ ಚಿತ್ರದ ನಡುಮನೆಗೆ ಬಂದವು. ಹೊರಗಿನ ಸೇನೆಯನ್ನು ಪ್ರಶ್ನಿಸುವವರು ಒಳಗಿನ ಯಜಮಾನಿಕೆಯನ್ನೂ ಪ್ರಶ್ನಿಸಬೇಕು ಎಂಬ ಹಟ ಅಲ್ಲಿಂದ ಈ ಸಿನಿಮಾಕ್ಕೆ ಬಂತು. ಮದುವೆಯ ಚಿತ್ರದಲ್ಲೂ ಅದೇ ಹಟ ಇದೆ: ಸೇನಾಧಿಕಾರಿಯ ಮುಂದೆ ಕುಗ್ಗಿದ ತಂದೆ ಮನೆಯಲ್ಲಿ ಮಗನ ಮೇಲೆ, ಮಗಳ ಮೇಲೆ ಅಧಿಕಾರ ನಡೆಸುವುದನ್ನು ಖ್ಲೈಫಿ ಮುಚ್ಚಿಡುವುದಿಲ್ಲ.

ಇನ್ನು ಕಾಯುವಿಕೆಯ ಬಗ್ಗೆ ಹೇಳಬೇಕು. ಪ್ಯಾಲೆಸ್ಟೀನಿನ ಸಿನಿಮಾದಲ್ಲಿ ಮತ್ತೆ ಮತ್ತೆ ಬರುವ ಜಾಗವೆಂದರೆ ಚೆಕ್‌ಪೋಸ್ಟ್. ಕಾರುಗಳ ಸಾಲು, ಕಬ್ಬಿಣದ ತಿರುಗುಗೇಟು, ಕೈಯಲ್ಲಿ ಗುರುತಿನ ಚೀಟಿ, ಎದುರಿಗೆ ಇಪ್ಪತ್ತು ವರ್ಷದ ಸೈನಿಕ. ಕಾಯುವುದು ಎಷ್ಟು ಹೊತ್ತು ಎಂದು ಯಾರಿಗೂ ತಿಳಿಯದು. ಪತ್ರಿಕೆಯ ವರದಿ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತದೆ. ಸಿನಿಮಾ ಕಾಲದಲ್ಲಿ ನಡೆಯುವ ಕಲೆಯಾದ್ದರಿಂದ ಆ ಹೊತ್ತನ್ನು ನಮ್ಮ ಮೈಮೇಲೆ ಹಾಯಿಸಬಲ್ಲದು.

ಇದನ್ನು ಚೆನ್ನಾಗಿ ಬಲ್ಲವರು ನಜರೇತಿನವರೇ ಆದ ಎಲಿಯಾ ಸುಲೇಮಾನ್. 2002ರಲ್ಲಿ ಕಾನ್ ಚಿತ್ರೋತ್ಸವದ ಜ್ಯೂರಿ ಬಹುಮಾನ ಪಡೆದ ಅವರ 'ಡಿವೈನ್ ಇಂಟರ್‌ವೆನ್ಷನ್' ಚಿತ್ರದಲ್ಲಿ ಜೆರುಸಲೇಮಿನ ಒಬ್ಬ ಗಂಡಸು, ರಮಲ್ಲಾದ ಒಬ್ಬ ಹೆಂಗಸು ಪ್ರೀತಿಸುತ್ತಾರೆ. ಅವಳು ಜೆರುಸಲೇಮಿಗೆ ಬರುವಂತಿಲ್ಲ. ಇಬ್ಬರೂ ತಮ್ಮ ತಮ್ಮ ಕಾರು ತಂದು ಚೆಕ್‌ಪೋಸ್ಟಿನ ಪಕ್ಕದ ಬಯಲಿನಲ್ಲಿ ನಿಲ್ಲಿಸಿ, ಒಂದರಲ್ಲಿ ಕೂತು, ಕೈ ಕೈ ಹಿಡಿದುಕೊಂಡು, ಎದುರಿಗೆ ನಡೆಯುವುದನ್ನು ನೋಡುತ್ತಾರೆ. ಮಾತಿಲ್ಲ. ನಾಯಕನ ಪಾತ್ರವನ್ನು ಸುಲೇಮಾನ್ ತಾವೇ ಮಾಡಿದ್ದಾರೆ; ಚಿತ್ರದುದ್ದಕ್ಕೂ ಅವರು ಬಾಯಿ ತೆರೆಯುವುದಿಲ್ಲ. ಒಂದು ದಿನ ಆತ ಪ್ಯಾಲೆಸ್ಟೀನಿ ನಾಯಕ ಯಾಸಿರ್ ಅರಾಫತ್ ಮುಖ ಬರೆದ ಕೆಂಪು ಬಲೂನನ್ನು ಹಾರಿಬಿಡುತ್ತಾನೆ. ಅದನ್ನು ಹೊಡೆದುರುಳಿಸಬೇಕೋ ಬೇಡವೋ ಎಂದು ಸೈನಿಕರು ಗಡಿಬಿಡಿ ಮಾಡುವಷ್ಟರಲ್ಲಿ ಇಬ್ಬರೂ ಕೂತ ಕಾರು ಮುಂದೆ ಸಾಗುತ್ತದೆ, ಬಲೂನು ಜೆರುಸಲೇಮಿನ ಗುಮ್ಮಟದತ್ತ ತೇಲುತ್ತದೆ. ನೋಡುವವರು ನಗುತ್ತಾರೆ. ಒಂದು ಊರಿನಿಂದ ಪಕ್ಕದ ಊರಿಗೆ ಹೋಗಲು ಪವಾಡವೇ ಆಗಬೇಕಲ್ಲ ಎಂಬುದು ಆಮೇಲೆ ಮನಸ್ಸಿಗೆ ತಟ್ಟುತ್ತದೆ.

ಅದೇ ವರ್ಷ ಹಾನಿ ಅಬು-ಅಸ್ಸಾದ್ 'ರಾನಾಸ್ ವೆಡ್ಡಿಂಗ್' ಮಾಡಿದರು. ಸಂಜೆ ನಾಲ್ಕರೊಳಗೆ ಮದುವೆಯಾಗದಿದ್ದರೆ ರಾನಾ ತಂದೆಯ ಜೊತೆ ಈಜಿಪ್ಟಿಗೆ ಹೊರಡಬೇಕು. ಮೆಚ್ಚಿದವನನ್ನು ಹುಡುಕಬೇಕು, ನೋಂದಣಿ ಮಾಡುವವರನ್ನು ಕರೆತರಬೇಕು, ತಂದೆಯನ್ನು ಒಪ್ಪಿಸಬೇಕು. ಬೇರೆಲ್ಲಾದರೂ ಇದು ಲಘುವಾದ ಪ್ರೇಮಕಥೆಯಾಗುತ್ತಿತ್ತು. ಇಲ್ಲಿ ಪ್ರತಿ ರಸ್ತೆಯಲ್ಲೂ ತಡೆ ಇರುವುದರಿಂದ ಗಡಿಯಾರವೇ ಖಳನಾಯಕ. ಕಡೆಗೆ ಮದುವೆ ನಡೆಯುವುದು ಚೆಕ್‌ಪೋಸ್ಟಿನ ಬಳಿಯಲ್ಲೇ.

ಈಚಿನ ಎರಡು ಚಿತ್ರಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು, ಫರಾ ನಾಬುಲ್ಸಿಯವರ 2020ರ ಕಿರುಚಿತ್ರ 'ದಿ ಪ್ರೆಸೆಂಟ್'. ಅರ್ಧ ಗಂಟೆಯೂ ಇಲ್ಲ. ಯೂಸುಫ್ ಎಂಬಾತ ತನ್ನ ಪುಟ್ಟ ಮಗಳು ಯಾಸ್ಮಿನ್ ಜೊತೆ ಪೇಟೆಗೆ ಹೊರಡುತ್ತಾನೆ. ಮದುವೆಯ ವಾರ್ಷಿಕೋತ್ಸವ, ಹೆಂಡತಿಗೊಂದು ಹೊಸ ಫ್ರಿಜ್ ಕೊಡಿಸಬೇಕು. ಪೇಟೆಗೆ ಹೋಗಲೂ ಚೆಕ್‌ಪೋಸ್ಟ್, ಬರಲೂ ಚೆಕ್‌ಪೋಸ್ಟ್. ಹೋಗುವಾಗ ತಂದೆಯನ್ನು ಕಬ್ಬಿಣದ ಕಟಕಟೆಯಲ್ಲಿ ನಿಲ್ಲಿಸಿ ಕಾಯಿಸುತ್ತಾರೆ. ಕಾಯುವಷ್ಟರಲ್ಲಿ ಮಗುವಿನ ಬಟ್ಟೆ ಒದ್ದೆಯಾಗುತ್ತದೆ; ತಂದೆ ಕ್ಷಮೆ ಕೇಳಿದರೆ, ಪರವಾಗಿಲ್ಲಪ್ಪ ಎಂದು ಅವಳೇ ಅವನನ್ನು ಸಮಾಧಾನ ಮಾಡುತ್ತಾಳೆ. ವಾಪಸು ಬರುವಾಗ ಫ್ರಿಜ್ ತಿರುಗುಗೇಟಿನಲ್ಲಿ ಹಿಡಿಸುವುದಿಲ್ಲ. ಪಕ್ಕದಲ್ಲೇ ಅಗಲವಾದ ರಸ್ತೆ ಇದೆ, ಅದು ಇವನಿಗಲ್ಲ. ಮನೆ ಕಣ್ಣೆದುರಿಗೇ ಇದೆ. ಇಡೀ ದಿನ ನುಂಗಿಕೊಂಡ ಸಿಟ್ಟು ಒಮ್ಮೆಲೇ ಸಿಡಿಯುತ್ತದೆ, ಬಂದೂಕುಗಳು ಅವನತ್ತ ತಿರುಗುತ್ತವೆ. ದೊಡ್ಡವರು ಕೂಗಾಡುತ್ತಿರುವಾಗ ಮಗು ಆ ಫ್ರಿಜ್ಜಿನ ಗಾಡಿಯನ್ನು ತಾನೇ ತಳ್ಳಿಕೊಂಡು ರಸ್ತೆ ಹಿಡಿದು ನಡೆದುಬಿಡುತ್ತಾಳೆ. ಚಿತ್ರದ ಆರಂಭದಲ್ಲಿ ನಸುಕಿನಲ್ಲಿ ನೂಕುನುಗ್ಗಲಿನಲ್ಲಿ ನಿಂತ ಕೂಲಿಕಾರರು ಕಾಣುತ್ತಾರೆ. ಬೆತ್ಲೆಹೆಮಿನ 300ನೇ ಚೆಕ್‌ಪೋಸ್ಟಿನಲ್ಲಿ ದಿನವೂ ನಿಲ್ಲುತ್ತಿದ್ದ ನಿಜವಾದ ಕೂಲಿಕಾರರೇ ಅವರು. ಅವರ ನಡುವೆ ನಟ ಸಾಲೆಹ್ ಬಕ್ರಿಯನ್ನು ನಿಲ್ಲಿಸಿ ಚಿತ್ರಿಸಿದ್ದಾರೆ. ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಈ ಚಿತ್ರಕ್ಕೆ ಬಂತು.

ಇನ್ನೊಂದು ಅಮೀನ್ ನಾಯ್ಫೆಯವರ '200 ಮೀಟರ್ಸ್', ಅದೂ 2020ರದ್ದೇ. ಮುಸ್ತಫಾ ಗೋಡೆಯ ಈಚೆ, ಹೆಂಡತಿ ಮಕ್ಕಳು ಗೋಡೆಯ ಆಚೆ. ನಡುವೆ ಇರುವುದು 200 ಮೀಟರ್. ರಾತ್ರಿ ಮಲಗುವ ಮುಂಚೆ ಆತ ಮಹಡಿಯ ಮೇಲೆ ನಿಂತು ದೀಪವನ್ನು ಆರಿಸಿ ಹೊತ್ತಿಸಿ ಮಾಡುತ್ತಾನೆ. ಆಚೆ ಮನೆಯಿಂದ ಮಕ್ಕಳೂ ದೀಪ ಮಿನುಗಿಸುತ್ತಾರೆ. ಒಂದು ದಿನ ಮಗನಿಗೆ ಅಪಘಾತವಾಗಿ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಫೋನ್ ಬರುತ್ತದೆ. ಮುಸ್ತಫಾನ ಪರ್ಮಿಟ್ ಅವಧಿ ಮುಗಿದಿದೆ. ಆತ ಹಣ ಕೊಟ್ಟು, ಜನರನ್ನು ಕದ್ದು ಸಾಗಿಸುವವರ ವ್ಯಾನು ಹತ್ತುತ್ತಾನೆ. 200 ಮೀಟರ್ 200 ಕಿಲೋಮೀಟರ್ ಆಗುತ್ತದೆ. ವ್ಯಾನಿನೊಳಗೆ ಕೆಲಸ ಹುಡುಕಿ ಹೊರಟ ಹುಡುಗ, ಜರ್ಮನಿಯ ಚಿತ್ರನಿರ್ಮಾಪಕಿ, ಅವಳ ಜೊತೆಗಾರ, ಒಬ್ಬರ ಮೇಲೊಬ್ಬರಿಗೆ ಅನುಮಾನ. ಹಾಗಾದರೆ ಆತ ಇಸ್ರೇಲಿನ ಗುರುತಿನ ಚೀಟಿ ಪಡೆದು ಹೆಂಡತಿಯ ಜೊತೆಗೇ ಇರಬಹುದಿತ್ತಲ್ಲ? ಹೆಂಡತಿಯೂ ಅದನ್ನೇ ಕೇಳುತ್ತಾಳೆ. ಆತ ಒಪ್ಪುವುದಿಲ್ಲ. ಅವನ ಸ್ವಾಭಿಮಾನದ ಬೆಲೆಯನ್ನು ಹೆಂಡತಿ ಮಕ್ಕಳು ತೆರುತ್ತಿದ್ದಾರೆ ಎಂಬುದೂ ಚಿತ್ರದೊಳಗೇ ಇದೆ. ನಿರ್ದೇಶಕರು ಅವನನ್ನು ಹುತಾತ್ಮನಾಗಿಯೂ ಮಾಡುವುದಿಲ್ಲ, ತಪ್ಪಿತಸ್ಥನಾಗಿಯೂ ಮಾಡುವುದಿಲ್ಲ.

ಹೀಗೆ ತಮ್ಮವರನ್ನೇ ನೇರವಾಗಿ ನೋಡುವ ಧೈರ್ಯ ಈ ಸಿನಿಮಾದ ದೊಡ್ಡ ಗುಣ. ಆನ್‌ಮರೀ ಜಾಸಿರ್ 2017ರಲ್ಲಿ ಮಾಡಿದ 'ವಾಜಿಬ್' ಚಿತ್ರದಲ್ಲಿ ನಜರೇತಿನ ಒಬ್ಬ ಶಿಕ್ಷಕ, ಇಟಲಿಯಿಂದ ಬಂದ ಮಗನ ಜೊತೆ ಹಳೆಯ ಕಾರಿನಲ್ಲಿ ಮನೆಮನೆಗೆ ಹೋಗಿ ಮಗಳ ಮದುವೆಯ ಕರೆಯೋಲೆ ಕೊಡುತ್ತಾನೆ. ನಮ್ಮಲ್ಲಿ ಲಗ್ನಪತ್ರಿಕೆ ಕೊಡಲು ಹೋದಾಗಿನಂತೆಯೇ ಪ್ರತಿ ಮನೆಯಲ್ಲೂ ಕೂರಬೇಕು, ಕಾಫಿ ಕುಡಿಯಬೇಕು, ಮಗನಿಗೆ ಯಾವಾಗ ಮದುವೆ ಎಂಬ ಪ್ರಶ್ನೆಗೆ ಉತ್ತರಿಸಬೇಕು. ತಂದೆ ಒಬ್ಬ ಇಸ್ರೇಲಿ ಪರಿಚಯಸ್ಥನನ್ನೂ ಕರೆಯಬೇಕು ಎನ್ನುತ್ತಾನೆ. ಅವನು ನಮ್ಮ ಮೇಲೆ ಕಣ್ಣಿಡಲು ಬಂದವನು, ಕರೆಯಕೂಡದು ಎಂದು ಮಗ ರೇಗುತ್ತಾನೆ. ಅಲ್ಲೇ ಉಳಿದು, ತಗ್ಗಿ ಬಗ್ಗಿ ಸಂಸಾರ ಸಾಗಿಸಿದ ತಂದೆ ಸರಿಯೋ, ಹೊರಗೆ ಹೋಗಿ ಸ್ವತಂತ್ರವಾಗಿ ಮಾತಾಡುವ ಮಗ ಸರಿಯೋ? ಆ ಪಾತ್ರಗಳನ್ನು ಮಾಡಿದ ಮೊಹಮ್ಮದ್ ಬಕ್ರಿ, ಸಾಲೆಹ್ ಬಕ್ರಿ ನಿಜಜೀವನದಲ್ಲೂ ತಂದೆ ಮಗ. ಆ ಜಗಳದಲ್ಲಿ ನಟನೆ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಕಷ್ಟ. ರಶೀದ್ ಮಶರಾವಿಯವರ 2008ರ 'ಲೈಲಾಸ್ ಬರ್ತ್‌ಡೇ' ಚಿತ್ರದಲ್ಲಿ, ನ್ಯಾಯಾಧೀಶನಾಗಬೇಕಿದ್ದವನು ಕೆಲಸ ಸಿಗದೆ ರಮಲ್ಲಾದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಮಗಳ ಹುಟ್ಟುಹಬ್ಬಕ್ಕೆ ಕೇಕು ತರಬೇಕೆಂಬ ಒಂದೇ ಆಸೆಯ ಆ ದಿನದಲ್ಲಿ ಪ್ಯಾಲೆಸ್ಟೀನಿಯರ ಸ್ವಂತ ಆಡಳಿತದ ಅವ್ಯವಸ್ಥೆಯೂ ಬಯಲಾಗುತ್ತದೆ. ಅಬು-ಅಸ್ಸಾದರ 2013ರ 'ಒಮರ್' ಇನ್ನೂ ಕಹಿಯಾದ ಸತ್ಯ ಹೇಳುತ್ತದೆ. ಹಗ್ಗ ಹಿಡಿದು ಗೋಡೆ ಹತ್ತಿ ಪ್ರೇಯಸಿಯನ್ನು ಕಾಣಲು ಹೋಗುವ ಯುವಕನನ್ನು ಹಿಡಿದು, ಮಾಹಿತಿದಾರನಾಗು ಎಂದು ಹಿಂಸಿಸುತ್ತಾರೆ. ಅಲ್ಲಿಂದ ಮುಂದೆ ಗೆಳೆಯ ಗೆಳೆಯನನ್ನು ನಂಬುವುದಿಲ್ಲ, ಪ್ರೀತಿಯೂ ಅನುಮಾನದಲ್ಲಿ ಕೊಳೆಯುತ್ತದೆ. ಕಾಂಕ್ರೀಟಿನ ಗೋಡೆಯನ್ನು ಒಂದು ದಿನ ಕೆಡವಬಹುದು. ಮನಸ್ಸುಗಳ ನಡುವೆ ಹುಟ್ಟಿದ ಈ ಅನುಮಾನ ಹೋಗಲು ತಲೆಮಾರುಗಳೇ ಬೇಕಾದೀತು.

ಹಸುಗಳ ಕಥೆಯೊಂದನ್ನು ಹೇಳದೆ ಮುಂದೆ ಹೋಗಲಾರೆ. ಬೆತ್ಲೆಹೆಮಿನ ಪಕ್ಕದಲ್ಲಿ ಬೇತ್ ಸಹೂರ್ ಎಂಬ ಊರಿದೆ. 1987ರ ಕೊನೆಯಲ್ಲಿ ಮೊದಲ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ಬಂಡಾಯ, ಶುರುವಾದಾಗ, ಇಸ್ರೇಲಿನಿಂದ ಬರುವ ಹಾಲಿನ ಹಂಗು ನಮಗೆ ಬೇಡ ಎಂದು ಆ ಊರಿನವರು ತೀರ್ಮಾನಿಸಿದರು. ಕಿಬ್ಬುಟ್ಸ್ ಎಂದು ಕರೆಯುವ ಒಂದು ಇಸ್ರೇಲಿ ಸಾಮೂಹಿಕ ಬೇಸಾಯದ ಹಳ್ಳಿಯಿಂದ 18 ಹಸು ಕೊಂಡು ತಂದರು. ಹಸು ಸಾಕಿ ಗೊತ್ತಿಲ್ಲದ ಮೇಷ್ಟರು, ವಿದ್ಯಾವಂತರು ಹಾಲು ಕರೆಯಲು ಕಲಿತರು. ಹಾಲು ಮನೆಮನೆಗೆ ತಲುಪತೊಡಗಿತು. ಆ ಹಸುಗಳು ಇಸ್ರೇಲಿನ ಭದ್ರತೆಗೆ ಅಪಾಯ ಎಂದು ಸೇನೆ ಸಾರಿತು. ಊರಿನವರು ರಾತ್ರೋರಾತ್ರಿ ಹಸುಗಳನ್ನು ಬಚ್ಚಿಟ್ಟರು. ಸೈನಿಕರು ಹಸುಗಳ ಫೋಟೊ ಹಿಡಿದು ಮನೆಮನೆ ಹುಡುಕಿದರು. ಅಮೇರ್ ಶೊಮಾಲಿ ಮತ್ತು ಕೆನಡಾದ ಪಾಲ್ ಕೋವನ್ 2014ರಲ್ಲಿ ಇದನ್ನು 'ದಿ ವಾಂಟೆಡ್ 18' ಎಂಬ ಸಾಕ್ಷ್ಯಚಿತ್ರ ಮಾಡಿದರು. ಮಣ್ಣಿನ ಗೊಂಬೆಗಳಾಗಿ ಹಸುಗಳೇ ಅಲ್ಲಿ ಮಾತಾಡುತ್ತವೆ. ಅದೇ ಊರಿನವರು ತೆರಿಗೆ ಕಟ್ಟುವುದನ್ನೂ ನಿಲ್ಲಿಸಿದ್ದರು. ಅದಕ್ಕಾಗಿ ಮನೆಗಳ ಸಾಮಾನು ಜಪ್ತಿಯಾಯಿತು, ಜನ ಜೈಲಿಗೆ ಹೋದರು. ಕಲ್ಲನ್ನೂ ಎತ್ತದೆ, ಹಾಲು ಕರೆದು ಮಾಡಿದ ಈ ಪ್ರತಿಭಟನೆ ಜಗತ್ತಿಗೆ ಹೆಚ್ಚು ತಿಳಿಯದೆ ಹೋಗಿತ್ತು. ಸಿನಿಮಾ ಅದನ್ನು ಉಳಿಸಿಕೊಟ್ಟಿತು.

ಈಗ ಎರಡು ಸಾಕ್ಷ್ಯಚಿತ್ರಗಳು. ಎರಡನ್ನೂ ಪ್ಯಾಲೆಸ್ಟೀನಿಯರೂ ಇಸ್ರೇಲಿಗಳೂ ಜೊತೆಗೂಡಿ ಮಾಡಿದ್ದಾರೆ. ಮೊದಲನೆಯದು 2011ರ '5 ಬ್ರೋಕನ್ ಕ್ಯಾಮೆರಾಸ್'. ರಮಲ್ಲಾದ ಪಶ್ಚಿಮಕ್ಕಿರುವ ಬಿಲಿನ್ ಎಂಬ ಹಳ್ಳಿಯ ರೈತ ಇಮಾದ್ ಬರ್ನಾತ್, 2005ರಲ್ಲಿ ನಾಲ್ಕನೆಯ ಮಗ ಜಿಬ್ರೀಲ್ ಹುಟ್ಟಿದಾಗ ಒಂದು ಕ್ಯಾಮೆರಾ ಕೊಂಡರು. ಅದೇ ಹೊತ್ತಿಗೆ ಊರಿನ ಆಲಿವ್ ತೋಟಗಳನ್ನು ಸೀಳಿಕೊಂಡು ಬೇರ್ಪಡಿಕೆಯ ಬೇಲಿ ಬಂತು. ಜನ ಪ್ರತಿ ಶುಕ್ರವಾರ ಮೆರವಣಿಗೆ ಹೊರಟರು. ಬರ್ನಾತ್ ಚಿತ್ರಿಸುತ್ತಲೇ ಹೋದರು. ಒಂದೊಂದಾಗಿ ಐದು ಕ್ಯಾಮೆರಾ ಮುರಿದವು. ಒಂದು ಕ್ಯಾಮೆರಾ ಗುಂಡನ್ನು ತಾನು ತಿಂದು ಅವರ ಜೀವ ಉಳಿಸಿತು. ಊರ ಮಕ್ಕಳೆಲ್ಲ 'ಆನೆ' ಎಂದು ಪ್ರೀತಿಯಿಂದ ಕರೆಯುತ್ತಿದ್ದ ಗೆಳೆಯ ಬಾಸಿಮ್, 2009ರಲ್ಲಿ ಎದೆಗೆ ಅಶ್ರುವಾಯು ಶೆಲ್ ಬಡಿದು ಸತ್ತದ್ದೂ ಚಿತ್ರದಲ್ಲಿದೆ. ಬೇಲಿಯ ದಾರಿ ಬದಲಿಸಬೇಕೆಂದು ಇಸ್ರೇಲಿನ ಸುಪ್ರೀಂ ಕೋರ್ಟು 2007ರಲ್ಲಿ ತೀರ್ಪು ಕೊಟ್ಟಿತು; ಜಾರಿಯಾದದ್ದು 2011ರಲ್ಲಿ. ಆ ವರ್ಷಗಳಲ್ಲಿ ಒಂದು ಮಗು ನಮ್ಮ ಕಣ್ಣೆದುರೇ ಬೆಳೆಯುತ್ತದೆ. ಆ ದೃಶ್ಯರಾಶಿಯನ್ನು ಚಿತ್ರವಾಗಿ ಕಟ್ಟುವಲ್ಲಿ ಬರ್ನಾತ್ ಜೊತೆ ನಿಂತವರು ಇಸ್ರೇಲಿ ನಿರ್ದೇಶಕ ಗೈ ಡೇವಿಡಿ.

ಎರಡನೆಯದು 2024ರ 'ನೋ ಅದರ್ ಲ್ಯಾಂಡ್'. ಹೆಬ್ರಾನ್ ಊರಿನ ದಕ್ಷಿಣದ ಗುಡ್ಡಗಳಲ್ಲಿ ಮಸಾಫರ್ ಯತ್ತಾ ಎಂಬ ಹಳ್ಳಿಗಳ ಗುಂಪಿದೆ. 1980ರ ದಶಕದಲ್ಲಿ ಸೇನೆ ಆ ನೆಲವನ್ನು ಗುಂಡು ಹಾರಿಸುವ ತರಬೇತಿಗೆಂದು 918ನೇ ವಲಯವಾಗಿ ಗುರುತಿಸಿತು. ದಶಕಗಳ ಮೊಕದ್ದಮೆಯ ನಂತರ, 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜನರನ್ನು ಎಬ್ಬಿಸಲು ಒಪ್ಪಿಗೆ ಕೊಟ್ಟಿತು. ಅಲ್ಲಿಯ ಯುವಕ ಬಾಸಲ್ ಅದ್ರಾ ಹುಡುಗನಾಗಿದ್ದಾಗಿನಿಂದ ಮನೆ ಕೆಡವುವುದನ್ನು ಚಿತ್ರಿಸುತ್ತ ಬಂದವರು. ಅವರ ಜೊತೆಗೆ ಹಮ್ದಾನ್ ಬಲಾಲ್ ಮತ್ತು ಇಸ್ರೇಲಿಗಳಾದ ಯುವಾಲ್ ಅಬ್ರಹಾಂ, ರಾಹೆಲ್ ಶೋರ್ ಸೇರಿ ಈ ಚಿತ್ರ ಮಾಡಿದರು. ಊರಿನವರು ಶಾಲೆ ಕಟ್ಟುತ್ತಾರೆ. ಹಗಲು ಹೆಂಗಸರು ಮಕ್ಕಳು ಕೆಲಸ ಮಾಡುತ್ತಾರೆ, ರಾತ್ರಿ ಗಂಡಸರು. ಒಂದು ದಿನ ಪಾಠ ನಡೆಯುತ್ತಿರುವಾಗಲೇ ಸೈನಿಕರು ಬರುತ್ತಾರೆ, ಬುಲ್ಡೋಜರ್ ಬರುತ್ತದೆ. ಬಾವಿಗೆ ಕಾಂಕ್ರೀಟ್ ಸುರಿಯುತ್ತಾರೆ. ಮನೆ ಕಳೆದುಕೊಂಡವರು ಗುಹೆ ಸೇರುತ್ತಾರೆ. 2021ರ ಜನವರಿಯಲ್ಲಿ ಹಾರೂನ್ ಎಂಬ ಯುವಕ, ಜನರೇಟರ್ ಒಯ್ಯಬೇಡಿ ಎಂದು ಸೈನಿಕರನ್ನು ತಡೆಯಲು ಹೋಗಿ ಕುತ್ತಿಗೆಗೆ ಗುಂಡು ತಿಂದು ಹಾಸಿಗೆ ಹಿಡಿದ. ಮಗನನ್ನು ಗುಹೆಯಲ್ಲಿ ಮಲಗಿಸಿಕೊಂಡು ಆರೈಕೆ ಮಾಡುವ ತಾಯಿಯನ್ನು ಚಿತ್ರದಲ್ಲಿ ನೋಡುತ್ತೇವೆ. 2023ರಲ್ಲಿ ಅವನು ತೀರಿಕೊಂಡ.

ಈ ಚಿತ್ರದ ಒಳಗೊಂದು ಗೆಳೆತನವಿದೆ. ಬಾಸಲ್ ಮತ್ತು ಯುವಾಲ್ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಯುವಾಲ್ ಸಂಜೆ ಕಾರು ಹತ್ತಿ ಮನೆಗೆ ಹೋಗಬಹುದು. ಬಾಸಲ್ ಅಪ್ಪಣೆಯಿಲ್ಲದೆ ಪಶ್ಚಿಮ ದಂಡೆ ಬಿಟ್ಟು ಇಸ್ರೇಲಿಗೆ ಹೋಗುವಂತಿಲ್ಲ. ಒಬ್ಬರಿಗೆ ನಾಗರಿಕ ಕಾನೂನು, ಇನ್ನೊಬ್ಬರಿಗೆ ಸೇನಾ ಕಾನೂನು. ಇಬ್ಬರೂ ಅದನ್ನು ಮುಚ್ಚಿಡದೆ ಮಾತಾಡುತ್ತಾರೆ. ಅದರ ನಡುವೆಯೇ ಜೊತೆಯಾಗಿ ಕೆಲಸ ಮಾಡುತ್ತಾರೆ. 2025ರ ಮಾರ್ಚ್‌ನಲ್ಲಿ ಚಿತ್ರಕ್ಕೆ ಆಸ್ಕರ್ ಬಂತು. ಅದೇ ತಿಂಗಳು ಹಮ್ದಾನ್ ಬಲಾಲ್ ಮೇಲೆ ಅವರ ಊರಿನಲ್ಲೇ ಹಲ್ಲೆಯಾಯಿತು, ಸೇನೆ ಅವರನ್ನೇ ವಶಕ್ಕೆ ಪಡೆಯಿತು. ಜುಲೈಯಲ್ಲಿ, ಚಿತ್ರಕ್ಕೆ ನೆರವಾಗಿದ್ದ ಶಿಕ್ಷಕ ಔದಾ ಹಥಲೀನ್ ಗುಂಡಿಗೆ ಬಲಿಯಾದರು. ಜಗತ್ತಿನ ಅತಿ ದೊಡ್ಡ ಸಿನಿಮಾ ಪ್ರಶಸ್ತಿಯೂ ಅದನ್ನು ಪಡೆದವರ ಮನೆಬಾಗಿಲನ್ನು ಕಾಯಲಾರದು.

ಈ ಚಿತ್ರಗಳು ಒಂದೇ ಕಡೆಯ ನೋವು ಹೇಳುತ್ತವೆ ಎಂಬ ಆಕ್ಷೇಪವಿದೆ. ಅದನ್ನು ಗೌರವದಿಂದಲೇ ಎದುರಿಸಬೇಕು. 2005ರಲ್ಲಿ ಅಬು-ಅಸ್ಸಾದ್ ಆತ್ಮಹತ್ಯಾ ದಾಳಿಗೆ ಹೊರಟ ಇಬ್ಬರು ಗೆಳೆಯರ ಬಗ್ಗೆ 'ಪ್ಯಾರಡೈಸ್ ನೌ' ಮಾಡಿ, ಅದು ಆಸ್ಕರ್ ನಾಮನಿರ್ದೇಶನ ಪಡೆದಾಗ, ಅಂಥ ದಾಳಿಗಳಲ್ಲಿ ಮಕ್ಕಳನ್ನು ಕಳೆದುಕೊಂಡ ಇಸ್ರೇಲಿ ತಂದೆತಾಯಿಗಳು ಪ್ರತಿಭಟಿಸಿದರು. ಅವರ ದುಃಖ ನಿಜವಾದದ್ದು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, ಸುಮಾರು 250 ಜನ ಒತ್ತೆಯಾಳುಗಳಾದರು. ಆ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಒಬ್ಬ ಮನುಷ್ಯ ಕೊಲೆಗಾರನಾಗುವ ದಾರಿಯನ್ನು ಅರ್ಥಮಾಡಿಕೊಳ್ಳುವುದು ಕೊಲೆಯನ್ನು ಒಪ್ಪುವುದಾಗುವುದಿಲ್ಲ. 'ಪ್ಯಾರಡೈಸ್ ನೌ' ಚಿತ್ರದೊಳಗೇ ಒಬ್ಬ ಪ್ಯಾಲೆಸ್ಟೀನಿ ಹೆಣ್ಣುಮಗಳು, ಹೋರಾಟಗಾರನ ಮಗಳು, ಆ ದಾರಿ ತಪ್ಪು ಎಂದು ಗಟ್ಟಿಯಾಗಿ ವಾದಿಸುತ್ತಾಳೆ. ಇಬ್ಬರು ಗೆಳೆಯರಲ್ಲಿ ಒಬ್ಬ ಮನಸ್ಸು ಬದಲಿಸುತ್ತಾನೆ. ಇಸ್ರೇಲಿನೊಳಗೂ ತಮ್ಮ ವ್ಯವಸ್ಥೆಯನ್ನು ಪ್ರಶ್ನಿಸುವ ಚಿತ್ರನಿರ್ದೇಶಕರಿದ್ದಾರೆ. ರಾನನ್ ಅಲೆಕ್ಸಾಂಡ್ರೊವಿಚ್ 2011ರ 'ದಿ ಲಾ ಇನ್ ದೀಸ್ ಪಾರ್ಟ್ಸ್' ಚಿತ್ರದಲ್ಲಿ, ಆಕ್ರಮಿತ ಪ್ರದೇಶದ ಸೇನಾ ನ್ಯಾಯಾಲಯಗಳಲ್ಲಿ ಕೂತಿದ್ದ ನ್ಯಾಯಾಧೀಶರನ್ನೇ ಕ್ಯಾಮೆರಾದ ಮುಂದೆ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಅಪ್ಪಣೆಯ ಚೀಟಿಯ ಹಿಂದೆ ಎಂಥ ಕಾನೂನಿನ ಕಟ್ಟಡವಿದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕಡೆಯದಾಗಿ ಗಾಜಾ. 2023ರ ಅಕ್ಟೋಬರಿನ ನಂತರ ನಡೆದ ಯುದ್ಧದಲ್ಲಿ ಅಲ್ಲಿ ಹತ್ತಾರು ಸಾವಿರ ಜನ ಸತ್ತರು, ಬಹುತೇಕ ಎಲ್ಲರೂ ಮನೆ ಬಿಟ್ಟು ಓಡಿದರು. ಗಾಜಾದ ಶಾತಿ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ರಶೀದ್ ಮಶರಾವಿ, ಒಳಗೆ ಸಿಕ್ಕಿಕೊಂಡಿದ್ದ ಚಿತ್ರನಿರ್ದೇಶಕರಿಂದ 22 ಕಿರುಚಿತ್ರಗಳನ್ನು ಮಾಡಿಸಿ 'ಫ್ರಂ ಗ್ರೌಂಡ್ ಝೀರೋ' ಎಂದು 2024ರಲ್ಲಿ ಒಟ್ಟುಗೂಡಿಸಿದರು. ಒಂದರಲ್ಲಿ ಒಬ್ಬ ಮೇಷ್ಟರು ಫೋನ್ ಚಾರ್ಜ್ ಮಾಡಲು, ನೀರು ಹಿಡಿಯಲು, ಊಟ ಪಡೆಯಲು ಸಾಲಿನಿಂದ ಸಾಲಿಗೆ ಅಲೆಯುತ್ತಾರೆ. ಇನ್ನೊಂದರಲ್ಲಿ, ಬಾಂಬು ಬಿದ್ದರೆ ಗುರುತು ಸಿಗಲೆಂದು ತಾಯಂದಿರು ಮಕ್ಕಳ ಕೈಕಾಲುಗಳ ಮೇಲೆ ಹೆಸರು ಬರೆದದ್ದನ್ನು ಮಕ್ಕಳೇ ಅನಿಮೇಷನ್ ಚಿತ್ರ ಮಾಡುತ್ತಾರೆ. ಮತ್ತೊಂದು ಕಥೆ ನಡುವೆಯೇ ನಿಂತುಬಿಡುತ್ತದೆ. ನಿರ್ದೇಶಕಿ ತೆರೆಯ ಮೇಲೆ ಬಂದು, ನನ್ನ ಕುಟುಂಬದಲ್ಲಿ ಸಾವಾಗಿದೆ, ಮುಂದುವರಿಸಲಾರೆ ಎಂದು ಹೇಳುತ್ತಾರೆ.

ರೇಡಿಯೋ ಕೇಳುವವರಿಗೆ ವಿಶೇಷವಾಗಿ ಹೇಳಬೇಕಾದ ಚಿತ್ರ ಟ್ಯುನೀಶಿಯಾದ ಕೌಥರ್ ಬೆನ್ ಹನಿಯಾ ಅವರ 'ದಿ ವಾಯ್ಸ್ ಆಫ್ ಹಿಂದ್ ರಜಬ್'. 2025ರಲ್ಲಿ ವೆನಿಸ್ ಉತ್ಸವದ ಗ್ರ್ಯಾಂಡ್ ಜ್ಯೂರಿ ಬಹುಮಾನ ಪಡೆಯಿತು. 2024ರ ಜನವರಿ 29ರಂದು, ಗಾಜಾ ನಗರದಲ್ಲಿ ಗುಂಡು ತಿಂದ ಕಾರಿನೊಳಗೆ, ಬಂಧುಗಳ ಹೆಣಗಳ ನಡುವೆ ಸಿಕ್ಕಿಕೊಂಡಿದ್ದ ಎಳೆಯ ಬಾಲಕಿ ಹಿಂದ್, ಫೋನಿನಲ್ಲಿ ರೆಡ್ ಕ್ರೆಸೆಂಟ್ ಎಂಬ ತುರ್ತು ನೆರವಿನ ಸಂಸ್ಥೆಯ ಸಿಬ್ಬಂದಿಯನ್ನು ಕರೆಯುತ್ತಿದ್ದಳು. ಚಿತ್ರದಲ್ಲಿ ಸಿಬ್ಬಂದಿಯ ಪಾತ್ರಗಳನ್ನು ನಟರು ಮಾಡಿದ್ದಾರೆ; ಹಿಂದ್‌ಳ ದನಿ ಅವಳದೇ, ಅಂದು ಮುದ್ರಿತವಾದದ್ದು. ಯುದ್ಧದ ಒಂದು ದೃಶ್ಯವೂ ಇಲ್ಲ. ರಮಲ್ಲಾದ ಒಂದು ಕಚೇರಿ, ಕಿವಿಗೆ ಹಚ್ಚಿದ ಫೋನುಗಳು, ಒಂದು ಮಗುವಿನ ದನಿ. ಆಂಬ್ಯುಲೆನ್ಸ್ ಹತ್ತಿರದಲ್ಲೇ ಇದೆ, ಕೆಲವೇ ನಿಮಿಷಗಳ ದಾರಿ. ಹೊರಡಬೇಕಾದರೆ ಸೇನೆಯ ಒಪ್ಪಿಗೆ ಬರಬೇಕು. ಒಪ್ಪಿಗೆಗಾಗಿ ಗಂಟೆಗಟ್ಟಲೆ ಫೋನುಗಳು ಓಡಾಡುತ್ತವೆ. ಒಪ್ಪಿಗೆ ಬಂದ ಮೇಲೆ ಹೊರಟ ಇಬ್ಬರು ಸಿಬ್ಬಂದಿಯೂ ಹಿಂದ್‌ಳೂ ಸತ್ತದ್ದು ಗೊತ್ತಾದದ್ದು ಹನ್ನೆರಡು ದಿನಗಳ ನಂತರ. ತನ್ನ ಪಡೆಗಳು ಅಲ್ಲಿರಲಿಲ್ಲ ಎಂದು ಸೇನೆ ಹೇಳಿತು. ಸ್ವತಂತ್ರ ತನಿಖೆಗಳು ಅದನ್ನು ಅಲ್ಲಗಳೆದವು. 1987ರ ಚಿತ್ರದಲ್ಲಿ ಅಪ್ಪಣೆ ಬೇಕಾದದ್ದು ಒಂದು ಮದುವೆಗೆ. ಇಲ್ಲಿ ಅದು ಬೇಕಾದದ್ದು ಒಂದು ಮಗುವನ್ನು ಉಳಿಸಲು.

ಮಿತ್ರರೇ, ಈ ಚಿತ್ರಗಳನ್ನು ನೋಡುವುದು ಇಂದು ಅಸಾಧ್ಯವೇನಲ್ಲ. ಕೆಲವು ಅಂತರ್ಜಾಲದಲ್ಲಿ ಸಿಗುತ್ತವೆ, ಕೆಲವು ಚಿತ್ರೋತ್ಸವಗಳಿಗೆ ಬರುತ್ತವೆ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಹಿಂದೆ ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ನಮ್ಮ ಹಳ್ಳಿಗಳಿಗೇ ಒಯ್ದು ತೋರಿಸಿತ್ತು. ಕನ್ನಡದ ಪ್ರೇಕ್ಷಕರು ಪರಭಾಷೆಯ ಚಿತ್ರಗಳನ್ನು ಮನಸ್ಸಿಟ್ಟು ನೋಡಿ ಚರ್ಚಿಸಿದ್ದರು. ಕಾಲೇಜುಗಳು, ಫಿಲ್ಮ್ ಸೊಸೈಟಿಗಳು, ಊರಿನ ಓದುಬಳಗಗಳು ಈ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳಬಹುದು. ಮೊದಲ ಬಾರಿ ನೋಡುವವರು 'ದಿ ಪ್ರೆಸೆಂಟ್', 'ವಾಜಿಬ್', 'ನೋ ಅದರ್ ಲ್ಯಾಂಡ್' ಈ ಮೂರರಿಂದ ಶುರುಮಾಡಲಿ. ನೋಡಿ, ಒಪ್ಪದಿದ್ದರೆ ವಾದಿಸಿ. ಆದರೆ ನೋಡದೆ ತೀರ್ಮಾನ ಕೊಡುವುದು ಬೇಡ.

ನೋಡಿದವರಿಗೆ ನಾಳೆಯ ಸುದ್ದಿಯನ್ನು ಓದುವ ರೀತಿ ಬದಲಾಗುತ್ತದೆ ಎಂಬುದು ನನ್ನ ನಂಬಿಕೆ. ಕದನವಿರಾಮವಾಯಿತು ಎಂದು ಓದಿದಾಗ, ಹಾಗಾದರೆ ಮಸಾಫರ್ ಯತ್ತಾದ ಮಕ್ಕಳಿಗೆ ಶಾಲೆ ಸಿಕ್ಕಿತೇ ಎಂದು ಕೇಳುತ್ತೇವೆ. ಒಪ್ಪಂದವಾಯಿತು ಎಂದು ಓದಿದಾಗ, ಗೋಡೆಯ ಈಚೆಗಿರುವ ತಂದೆ ಆಚೆಗಿರುವ ಮಗನ ಬಳಿಗೆ ನಡೆದುಹೋಗಬಹುದೇ ಎಂದು ಕೇಳುತ್ತೇವೆ. ಗುಂಡಿನ ಸದ್ದು ನಿಂತರೆ ಅದು ದೊಡ್ಡ ಸಂಗತಿಯೇ. ಆದರೆ ಹೊಲ ಉಳಲು, ಮಗಳ ಮದುವೆ ಮಾಡಲು, ಮನೆಗೊಂದು ಫ್ರಿಜ್ ತರಲು ಯಾರ ಅಪ್ಪಣೆಯನ್ನೂ ಕಾಯಬೇಕಿಲ್ಲದ ದಿನ ಬರುವವರೆಗೆ ಅದನ್ನು ಶಾಂತಿ ಎಂದು ಕರೆಯಬಾರದು. ಯಹೂದಿ ಮಗುವಿಗೂ ಅರಬ್ ಮಗುವಿಗೂ ಆ ದಿನ ಒಂದೇ ಕಾನೂನಿನಡಿ, ಒಂದೇ ಘನತೆಯಲ್ಲಿ ಬರಬೇಕು. ಅದಕ್ಕಿಂತ ಕಡಿಮೆಯದಕ್ಕೆ ಒಪ್ಪುವುದಿಲ್ಲ ಎಂದು ಈ ಚಿತ್ರಗಳು ಹೇಳುತ್ತಿವೆ. ನಾವೂ ಒಪ್ಪಬಾರದು.